ನೂರೈದು ಕುದುರೆಗಳು

ನಲವತ್ತು ದಾಟಿದ ಮನುಷ್ಯನಿಗೆ ಏನಾದರೊಂದು ಚಪಲ ಹತ್ತಿಕೊಳ್ಳುವುದು ಲೋಕರೂಢಿ. ಕೆಲವರಿಗೆ ಸಂಗೀತ ಕಲಿಯುವ ಆಸೆ ಹುಟ್ಟುತ್ತದೆ. ಕೆಲವರು ಗುಲಾಬಿ ಗಿಡಗಳಿಗೆ ಕಸಿ ಕಟ್ಟುತ್ತಾರೆ. ನಮ್ಮ ಕಾಲೇಜಿನ ಇತಿಹಾಸದ ಮೇಷ್ಟರೊಬ್ಬರು ಐವತ್ತರ ಹೊಸ್ತಿಲಲ್ಲಿ ಕೊಳಲು ಹಿಡಿದು ನೆರೆಮನೆಯವರ ತಾಳ್ಮೆಯನ್ನು ಪರೀಕ್ಷಿಸುತ್ತಿದ್ದಾರೆ. ನನಗೆ ಹತ್ತಿದ ಚಪಲ ಇವಕ್ಕಿಂತ ಸ್ವಲ್ಪ ದುಬಾರಿಯದು. ನನ್ನ ಪುಟ್ಟ ಕಾರಿಗೆ ಇನ್ನೊಂದಿಷ್ಟು ಕಸುವು ತುಂಬಬೇಕು! ಹಳಗನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ನನ್ನಾಕೆ ಇದನ್ನು ಆಗಲೇ ಕೇಳಿದ್ದಾಳೆ. ಆದ್ದರಿಂದ ಸಮಾಧಾನ ಹೇಳುವ ಅಭ್ಯಾಸ ನನಗೆ ಆಗಿದೆ.

ಕಾರು ಫೋಕ್ಸ್‌ವ್ಯಾಗನ್ ಪೋಲೊ. ಅದರಲ್ಲೂ ‘ಜಿಟಿ ಟಿಎಸ್‌ಐ’ ಎಂಬ ಬಿರುದು ಹೊತ್ತದ್ದು. ೨೦೧೩ರಲ್ಲಿ ನಮ್ಮ ದೇಶದ ಪೇಟೆಗೆ ಬಂದ ಮಾದರಿ. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಪೋಲೊ ತಯಾರಿಕೆ ಇಲ್ಲಿ ೨೦೨೨ರಲ್ಲೇ ನಿಂತುಹೋದ್ದರಿಂದ, ಇದನ್ನು ಕೊಟ್ಟು ಇಂಥದೇ ಹೊಸತನ್ನು ತರುತ್ತೇನೆಂದರೆ ಆಗುವಂತಿಲ್ಲ. ಎಂಜಿನ್ನು ೧೧೯೭ ಸಿಸಿಯದು. ಆದರೆ ಟರ್ಬೊ ಎಂಬ ಪುಟ್ಟ ತಿದಿಯೊಂದು ಅದರ ಬಾಯಿಗೆ ಗಾಳಿಯನ್ನು ಒತ್ತಿ ತುರುಕುವುದರಿಂದ ೧೦೫ ಅಶ್ವಶಕ್ತಿ ಹೊರಡುತ್ತದೆ. ಮನೆಮಂದಿಯ ಕಾರಿನ ಮೈ, ಪಂದ್ಯದ ಕಾರಿನ ಜೀವ, ಇಂಥವಕ್ಕೆ ‘ಹಾಟ್ ಹ್ಯಾಚ್’ ಎಂದು ಹೆಸರು. ಈ ಕುಲಕ್ಕೆ ಕೀರ್ತಿ ತಂದದ್ದು ೧೯೭೬ರಲ್ಲಿ ಜರ್ಮನಿಯಲ್ಲಿ ಹೊರಬಂದ ಗಾಲ್ಫ್ ಜಿಟಿಐ. ಅದರ ಶಕ್ತಿ ೧೧೦. ಹಾಗೆ ನೋಡಿದರೆ ಮೂಲಪುರುಷನಿಗೂ ನನ್ನ ಕಾರಿಗೂ ಐದೇ ಕುದುರೆಗಳ ಅಂತರ. ವಂಶದ ಹೆಮ್ಮೆಗೆ ಇಷ್ಟು ಸಾಲದೆ?

ನಮ್ಮ ಸೀಮೆಯಲ್ಲಿ ಕುದುರೆಗಳ ಲೆಕ್ಕ ಹಾಕುವವನು ಗಾಳಿಯ ಲೆಕ್ಕವನ್ನೂ ಹಾಕಬೇಕು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲಿ ಒಂದು ಪಾಲು ತೆಳು. ೧೯೩೦ ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಂತೂ ಆರರಲ್ಲಿ ಒಂದು ಪಾಲೇ ಕಡಿಮೆ. ಸಾಧಾರಣ ಎಂಜಿನ್ನುಗಳು ಅಷ್ಟೇ ಪ್ರಮಾಣದಲ್ಲಿ ಸೊರಗುತ್ತವೆ. ಕರಾವಳಿಯಲ್ಲಿ ಹಾರಾಡಿದ ಕಾರು ಗಿರಿಯ ಏರಿನಲ್ಲಿ ಏದುಸಿರು ಬಿಡುವುದಕ್ಕೆ ಇದೂ ಒಂದು ಕಾರಣ. ಟರ್ಬೊ ಇರುವ ಎಂಜಿನ್ನು ತೆಳುಗಾಳಿಯನ್ನೂ ಒತ್ತಿ ಗಟ್ಟಿ ಮಾಡಿಕೊಳ್ಳುವುದರಿಂದ ಅಷ್ಟು ಬೇಗ ಸೋಲುವುದಿಲ್ಲ. ಅಂದಮೇಲೆ ಈ ಬೆಟ್ಟಸೀಮೆಗೆ ನನ್ನ ಕಾರು ತಕ್ಕದ್ದೇ. ಸಾಲದೆಂದು ಅನ್ನಿಸುವುದು ಕಾರಿನ ಕೊರತೆಯಿಂದಲ್ಲ, ಮನಸ್ಸಿನ ಗುಣದಿಂದ.

ಈ ಮನಸ್ಸಿಗೆ ತುಪ್ಪ ಸುರಿದವನು ನನ್ನ ಹಳೆಯ ವಿದ್ಯಾರ್ಥಿ. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕಾರಿನ ಚಿತ್ರ ಬರೆಯುತ್ತಿದ್ದ ಹುಡುಗ ಈಗ ಮೂಡಿಗೆರೆಯ ಕಡೆ ಗ್ಯಾರೇಜು ಇಟ್ಟಿದ್ದಾನೆ. ರ‍್ಯಾಲಿಯ ಹುಚ್ಚು ನಮ್ಮ ನೆಲಕ್ಕೆ ಹೊಸದಲ್ಲ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಇಲ್ಲಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆದದ್ದುಂಟು. ೨೦೧೬ರಲ್ಲಿ ಆ ಪಟ್ಟವನ್ನು ಗೆದ್ದ ಗೌರವ್ ಗಿಲ್ ಎಂದರೆ ನನ್ನ ಶಿಷ್ಯನ ಪಾಲಿಗೆ ಸಾಕ್ಷಾತ್ ಅರ್ಜುನ. “ಸಾರ್, ಎಂಜಿನ್ ಬಿಚ್ಚೋದೇ ಬೇಡ. ಕಂಪ್ಯೂಟರಿನಲ್ಲಿ ಲೆಕ್ಕ ತಿದ್ದಿದರೆ ಸಾಕು, ಇಪ್ಪತ್ತೈದು ಕುದುರೆ ಜಾಸ್ತಿ ಬರುತ್ತೆ” ಎಂದ. ಇದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಎಂಜಿನ್ನಿಗೆ ಎಷ್ಟು ಗಾಳಿ, ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಕಿಡಿ ಎಂದು ಆಜ್ಞೆ ಕೊಡುವ ಪುಟ್ಟ ಪೆಟ್ಟಿಗೆಯೊಳಗಿನ ಅಂಕಿಗಳನ್ನು ಬದಲಿಸುವುದು. ಉತ್ತರಪತ್ರಿಕೆ ತಿದ್ದಿ ತಿದ್ದಿ ಸವೆದ ನನಗೆ, ಅಂಕ ತಿದ್ದಿದರೆ ಶಕ್ತಿ ಹೆಚ್ಚುವುದೆಂಬ ಮಾತು ಬಹಳ ಹಿಡಿಸಿತು.

ಆದರೆ ಹುಡುಗ ಪ್ರಾಮಾಣಿಕ, ಅಡ್ಡಿಗಳನ್ನೂ ಮುಚ್ಚಿಡಲಿಲ್ಲ. ಈ ಕಾರಿನ ಏಳು ಗೇರಿನ ಡಿಎಸ್‌ಜಿ ಪೆಟ್ಟಿಗೆಯನ್ನು ೨೫೦ ನ್ಯೂಟನ್ ಮೀಟರಿನ ತಿರುಚುಬಲಕ್ಕೆಂದು ಮಾಡಿದ್ದಾರೆ. ಕಂಪನಿಯಿಂದ ಬಂದಾಗ ಎಂಜಿನ್ನು ಕೊಡುವುದು ೧೭೫. ನಡುವೆ ಜಾಗವಿದೆ ನಿಜ. ಆ ಜಾಗವನ್ನೆಲ್ಲ ತುಂಬಿಬಿಟ್ಟರೆ ಒಣ ಕ್ಲಚ್ಚುಗಳು ಘಾಟಿಯ ಸಾಲುಗಾಡಿಗಳ ಹಿಂದೆ ತೆವಳುವಾಗ ಬಿಸಿಯೇರಿ ಬೇಗ ಸವೆಯುತ್ತವೆ. ಕಾನೂನಿನ ಮಾತೂ ಇದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿದೆ. ವಿಮೆಯವರಿಗೆ ತಿಳಿಸದೆ ಮಾಡಿದ ಮಾರ್ಪಾಟು ನಾಳೆ ಪರಿಹಾರಕ್ಕೇ ಕುತ್ತಾಗಬಹುದು.

ಈ ಹೊತ್ತಿನಲ್ಲಿ ನನಗೆ ನೆರವಾದದ್ದು ಭಾರತದ ನಳೋಪಾಖ್ಯಾನ. ಕುದುರೆಗಳ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಸಾಹಿತ್ಯದಲ್ಲೂ ಹಕ್ಕಿದೆ. ಧರ್ಮರಾಯನ ಯಜ್ಞಾಶ್ವದ ಬೆನ್ನು ಹತ್ತಿ ಜೈಮಿನಿ ಭಾರತ ಬರೆದ ಲಕ್ಷ್ಮೀಶನನ್ನು ಕಡೂರು ತಾಲ್ಲೂಕಿನ ದೇವನೂರು ತನ್ನವನೆನ್ನುತ್ತದೆ. ನನಗೆ ನೆನಪಾದದ್ದು ಮಾತ್ರ ನಳ. ಬಾಹುಕನಾಗಿ ವೇಷ ಮರೆಸಿಕೊಂಡಿದ್ದ ಅವನು ಅಯೋಧ್ಯೆಯಿಂದ ವಿದರ್ಭಕ್ಕೆ ಒಂದೇ ದಿನದಲ್ಲಿ ರಥ ಓಡಿಸಬೇಕಾಗಿ ಬಂದಾಗ, ಲಾಯದಿಂದ ಆರಿಸಿದ್ದು ಬಡಕಲು ಕುದುರೆಗಳನ್ನು. ಋತುಪರ್ಣ ರಾಜನಿಗೆ ಸಿಟ್ಟೇ ಬಂತು. ಆಮೇಲೆ ದಾರಿಯಲ್ಲಿ ರಾಜನ ಉತ್ತರೀಯ ಜಾರಿ ಬಿದ್ದು, ನಿಲ್ಲಿಸು ಎನ್ನುವುದರೊಳಗೆ ರಥ ಯೋಜನ ದೂರ ದಾಟಿತ್ತು! ನಳನಲ್ಲಿ ಹೆಚ್ಚಿನ ಕುದುರೆಗಳಿರಲಿಲ್ಲ. ಅಶ್ವಹೃದಯವೆಂಬ ವಿದ್ಯೆ ಇತ್ತು. ಇದನ್ನು ವರ್ಷವರ್ಷವೂ ಪಾಠ ಹೇಳುವ ನಾನು, ನನ್ನ ನೂರೈದರ ಹೃದಯ ತಿಳಿಯದೆ ಇನ್ನಿಪ್ಪತ್ತೈದನ್ನು ಲಾಯಕ್ಕೆ ತರುವುದು ಹೇಗೆ?

ಹೃದಯದ ಮಾತು ಬಂದದ್ದರಿಂದ ನಿಜವಾದ ಕಾರಣವನ್ನೂ ಹೇಳಿಬಿಡುತ್ತೇನೆ. ಕಳಸದಲ್ಲಿ ನನ್ನ ತಾಯಿ ಒಬ್ಬರೇ ಇದ್ದಾರೆ. ಅಡಿಕೆ, ಕಾಫಿ, ಒಂದು ಹಸು, ಎಪ್ಪತ್ತೆಂಟು ವರ್ಷ. ಪೇಟೆಗೆ ಬಾ ಎಂದರೆ, “ಹಸೂನ ನಿನ್ನ ಬಾಡಿಗೆ ಮನೆ ಹಜಾರದಲ್ಲಿ ಕಟ್ಟಲಾ ಮಾರಾಯ?” ಎನ್ನುತ್ತಾರೆ. ಮೂರು ತಿಂಗಳಿಗೊಮ್ಮೆ ಅವರನ್ನು ಕುದುರೆಮುಖದ ಹಾದಿಯಲ್ಲಿ ಕಾರ್ಕಳದ ಮೇಲೆ ಮಣಿಪಾಲಕ್ಕೆ, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರಿನ ಮೇಲೆ ಕಳಸಕ್ಕೆ ಹೋಗಲು ನನಗೆ ಎರಡೂವರೆ ಗಂಟೆ ಬೇಕು. ಒಂದು ರಾತ್ರಿ ಫೋನು ಬಂದರೆ? ಈ ಎರಡೂವರೆ ಗಂಟೆ ನನ್ನ ಎದೆಯ ಮೇಲೆ ಕುಳಿತಿದೆ. ಕುದುರೆಗಳ ಆಸೆಯ ಬೇರು ಇಲ್ಲಿದೆ.

ಇದನ್ನು ಹೇಳಿದಾಗ ಶಿಷ್ಯ ನಗಲಿಲ್ಲ. ಒಂದು ಭಾನುವಾರ ನನ್ನ ಪಕ್ಕದಲ್ಲಿ ಕುಳಿತು ಕಳಸದವರೆಗೂ ಬಂದ. ದಾರಿಯುದ್ದಕ್ಕೂ ನಾನು ಪೆಡಲನ್ನು ಪೂರ್ತಿ ಒತ್ತಿದ ಕ್ಷಣಗಳನ್ನು ಎಣಿಸಿದ. ಎಲ್ಲ ಸೇರಿ ಕೆಲವೇ ನಿಮಿಷ. ಮಿಕ್ಕ ಹೊತ್ತೆಲ್ಲ ತಿರುವು, ಎದುರಿನ ಬಸ್ಸು, ಹೊಂಡ, ದನ. “ಹೊಸ ಕುದುರೆ ಬಂದರೆ ಐದು ನಿಮಿಷ ಉಳಿದೀತು ಸಾರ್. ಮಳೆಯಲ್ಲಿ ಅದೂ ಇಲ್ಲ” ಎಂದ. ಅವನು ಹೇಳಿದ ಇನ್ನೊಂದು ಲೆಕ್ಕ: ಗಂಟೆಗೆ ೬೦ ಕಿಲೋಮೀಟರಿನಿಂದ ೮೦ಕ್ಕೆ ಏರಿದರೆ ವೇಗ ಹೆಚ್ಚುವುದು ಮೂರನೆಯ ಒಂದು ಪಾಲು, ಬ್ರೇಕು ನುಂಗಬೇಕಾದ ಶಕ್ತಿ ಹೆಚ್ಚುವುದು ಮುಕ್ಕಾಲು ಪಾಲಿಗೂ ಮಿಕ್ಕು.

ನನಗೆ ಆಗ ಒಂದು ವಿಷಯ ಹೊಳೆಯಿತು. ಮಳೆಗಾಲದಲ್ಲಿ ನಾನು ಕಳಸಕ್ಕೆ ಹೋಗುವುದೇ ಅಪರೂಪ. ಜೂನಿನಿಂದ ಸೆಪ್ಟೆಂಬರಿನವರೆಗೆ, ಅಮ್ಮನಿಗೆ ಅತ್ಯಂತ ಒಂಟಿಯಾದ ಆ ನಾಲ್ಕು ತಿಂಗಳು, ಜಾರುವ ರಸ್ತೆಗೆ ಅಂಜಿ ವಾರಾಂತ್ಯಗಳನ್ನು ಮುಂದಕ್ಕೆ ಹಾಕುತ್ತೇನೆ. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದದ್ದನ್ನು ಕಂಡ ಮೇಲಂತೂ ಅಂಜಿಕೆಗೆ ನೆಪ ಹುಡುಕಬೇಕಾಗಿಲ್ಲ. ಗುಡ್ಡ ಕುಸಿದರೆ ಯಾವ ಕಾರೂ ಏನೂ ಮಾಡದು. ಆದರೆ ಬರಿಯ ಮಳೆಗೆ ಅಂಜಿ ಮನೆಯಲ್ಲಿ ಕೂರದಂತೆ ಮಾಡುವ ಉಪಾಯ ಪೇಟೆಯಲ್ಲಿ ಸಿಗುತ್ತದೆ.

ಅಲ್ಲಿಂದ ಯೋಜನೆ ತಾನಾಗಿ ಸಾಲುಗಟ್ಟಿತು. ಮೌಲ್ಯಮಾಪನದ ಹಣ ಕೂಡಿಸಿಟ್ಟದ್ದು ಅರುವತ್ತು ಸಾವಿರ. ಮೊದಲು ಟೈರು. ಈಗಿರುವ ೧೮೫/೬೦ ಅಳತೆಯನ್ನೇ ಉಳಿಸಿಕೊಂಡು, ಒದ್ದೆ ರಸ್ತೆಯನ್ನು ಕಚ್ಚಿ ಹಿಡಿಯುವ ಒಳ್ಳೆಯ ರಬ್ಬರು. ಎರಡನೆಯದು ಬ್ರೇಕು: ಮುಂದಿನ ಚಕ್ರಗಳಿಗೆ ಒಳ್ಳೆಯ ಪ್ಯಾಡು, ಮತ್ತು ಹೊಸ ದ್ರವ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ ೪ ಎಂಬ ದರ್ಜೆಯದಕ್ಕೆ ಹೊಸದರಲ್ಲಿ ೨೩೦ ಡಿಗ್ರಿಗಿಂತ ಮೇಲೆ ಕುದಿಬಿಂದು. ತೇವ ಹೀರಿದ ಮೇಲೆ ಅದು ೧೫೫ರವರೆಗೂ ಇಳಿಯಬಹುದು. ಘಾಟಿ ಇಳಿಯುವಾಗ ಅದು ಕುದಿದರೆ ಪೆಡಲು ಹತ್ತಿಯಂತೆ ಮೆತ್ತಗಾಗುತ್ತದೆ. ಮೂರನೆಯದು ಸವೆದ ಶಾಕ್ ಅಬ್ಸಾರ್ಬರುಗಳ ಬದಲಾವಣೆ, ಬಿಗಿಯಾದವಲ್ಲ, ಕಂಪನಿಯವೇ. ಬಿಗಿಯಾದವು ನನ್ನ ಬೆನ್ನಿಗೆ ಹೆಮ್ಮೆ ತಂದಾವು, ತಿರುವಿಗೊಮ್ಮೆ ನಿಂಬೆಹಣ್ಣು ಮೂಸುವ ಅಮ್ಮನ ಹೊಟ್ಟೆಗೆ ಹಿಡಿಸಲಾರವು. ನಾಲ್ಕನೆಯದಕ್ಕೆ ದುಡ್ಡು ಬೇಡ: ಇಳಿಜಾರಿನಲ್ಲಿ ಗೇರನ್ನು ಕೈಯಿಂದ ಇಳಿಸಿ ಎಂಜಿನ್ನಿಗೇ ಕಾರನ್ನು ಹಿಡಿಯಗೊಡುವ ಅಭ್ಯಾಸ. ನನ್ನ ಅಶ್ವಹೃದಯದ ಮೊದಲ ಪಾಠ ಅದು.

ಪಟ್ಟಿಯನ್ನು ನೋಡಿ ನನ್ನಾಕೆ, “ಇದರಲ್ಲಿ ವೇಗ ಹೆಚ್ಚೋದು ಯಾವುದ್ರೀ?” ಎಂದಳು. ಯಾವುದೂ ಇಲ್ಲ ಎಂದೆ. ಅವಳು ತುಸು ಹೊತ್ತು ಸುಮ್ಮನಿದ್ದು, ಬೀರುವಿನಿಂದ ತನ್ನ ಉಳಿತಾಯದ ಐದು ಸಾವಿರ ತಂದು ಕೊಟ್ಟಳು. ರೀಮ್ಯಾಪ್ ಆಸೆ ಸತ್ತಿದೆಯೆಂದು ಹೇಳಲಾರೆ. ಆಲ್ದೂರಿನ ಏರಿನಲ್ಲಿ ಒಮ್ಮೊಮ್ಮೆ ಅದು ಕಿವಿಯಲ್ಲಿ ಕೆನೆಯುತ್ತದೆ. ಕೆನೆಯಲಿ. ಮೇ ಕೊನೆಯ ವಾರ ಟೈರು ಬರುತ್ತದೆ. ಈ ವರ್ಷ ಆಷಾಢದಲ್ಲಿ ಪ್ರತಿ ಶನಿವಾರ ಬರುತ್ತೇನೆಂದು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇನೆ. “ಹಪ್ಪಳ ಕರಿಯಕ್ಕೆ ಎಣ್ಣೆ ಕಾಯಿಸಿ ಕಾಯ್ತಿರ್ತೀನಿ, ನಿಧಾನ ಬಾ” ಎಂದಿದ್ದಾರೆ.