ತಕ್ಕಡಿಗೆ ಮುಂಚೆ ಟೇಪು

ಗಾಳಕ್ಕೆ ದೊಡ್ಡ ಮೀನು ಬೀಳುವುದು ಅರ್ಧ ಅದೃಷ್ಟ. ಅದು ದಾಖಲೆಯೆಂದು ಪರರನ್ನು ಒಪ್ಪಿಸುವುದು ಮಾತ್ರ ಪೂರಾ ಕಸುಬು. 1939ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ ಕೇಳುವುದನ್ನೆಲ್ಲ ಹೊಂದಿಸುವಷ್ಟರಲ್ಲಿ ಮೀನು ಹಿಡಿದದ್ದೇ ಸುಲಭ ಅನ್ನಿಸುತ್ತದೆ. ತಕ್ಕಡಿಗೆ ಹಿಂದಿನ 12 ತಿಂಗಳೊಳಗಿನ ಮುದ್ರೆ ಇರಬೇಕು. ತೂಗುವುದು ನೆಲದ ಮೇಲೆ, ತೇಲುವ ದೋಣಿಯಲ್ಲಲ್ಲ. ಮೀನನ್ನು ಮಲಗಿಸಿದ ಜೋಲಿಯನ್ನು ಬೇರೆಯಾಗಿ ತೂಗಿ ಕಳೆಯಬೇಕು. ಒಣ ಜೋಲಿಗಿಂತ ಒದ್ದೆ ಜೋಲಿ ಭಾರ, ಹಾಗಾಗಿ ಮೀನು ಇಳಿದ ಕೂಡಲೇ, ಜೋಲಿಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ತೂಗಿಬಿಡುವುದು ಜಾಣತನ. ದಾರದ ತುಂಡು, ಕೋಲು-ರೀಲಿನ ಫೋಟೊ, ಸಾಕ್ಷಿಯ ಸಹಿ ಆಮೇಲಿನವು. ಖುಷಿಗೆಂದು ನೀರಿನ ದಂಡೆಗೆ ಬಂದವನಿಗೆ ಈ ಗುಮಾಸ್ತಿಕೆ ಯಾಕೆ ಎಂದು ಕೇಳುವವರಿದ್ದಾರೆ. ಕಾವೇರಿ ಸೀಮೆಯ ಮಹಶೀರನ್ನೇ ನೋಡಿ: 1919ರಲ್ಲಿ ರಿವೆಟ್-ಕಾರ್ನಾಕ್ ಹಿಡಿದದ್ದು 119 ಪೌಂಡು, 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120. ಇಪ್ಪತ್ತೇಳು ವರ್ಷಕ್ಕೆ ಒಂದೇ ಪೌಂಡಿನ ಅಂತರ! ಕಣ್ಣಳತೆಗೆ ಎರಡೂ ಒಂದೇ. ಒಂದು ಒದ್ದೆ ಜೋಲಿ ಸಾಕು ಆ ಅಂತರ ನುಂಗಲು.

ಆದರೆ ತಕ್ಕಡಿಗೆ ಏರಬೇಕಾದರೆ ಮೀನು ನೀರು ಬಿಡಬೇಕು. ಕಾವೇರಿಯ ಡುಬ್ಬದ ಮಹಶೀರಿಗೆ ಟಾರ್ ರೇಮಾದೇವಿ ಎಂಬ ಹೆಸರು ಖಚಿತವಾದ 2018ರಲ್ಲೇ ಅದು ಅಳಿವಿನಂಚಿನ ಕೆಂಪುಪಟ್ಟಿಗೂ ಸೇರಿತು. 2011ರಲ್ಲಿ ಆ ಸಂಸ್ಥೆ ಉದ್ದದ ದಾಖಲೆಯನ್ನೂ ತೆರೆದದ್ದು ಇದಕ್ಕೇ ಒಪ್ಪುತ್ತದೆ: ಅಳೆ, ಫೋಟೊ ತೆಗೆ, ಜೀವಂತ ಬಿಡು. ಉದ್ದವೊಂದರಿಂದ ಮೀನಿನ ಗಾತ್ರ ತಿಳಿಯದು ಎಂಬ ತಕರಾರು ನಿಜವೇ. ಅದಕ್ಕೆ ಗಾಳಗಾರರ ಹಳೆಯ ಲೆಕ್ಕವಿದೆ: ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸಿ, ಅಳತೆಯೆಲ್ಲ ಇಂಚಿನಲ್ಲಿ. 40 ಇಂಚು ಸುತ್ತಳತೆ, 60 ಇಂಚು ಉದ್ದ ಅಂದರೆ 120 ಪೌಂಡು. ಅಂದಾಜಿನ ತೂಕಕ್ಕೆ ದಾಖಲೆಯಲ್ಲಿ ಜಾಗವಿಲ್ಲ, ಇರಲಿ. ನೋಟ್‌ಬುಕ್ಕಿಗೆ ಅದು ಸಾಕು.

ಆ ನೋಟ್‌ಬುಕ್ಕೇ ನನ್ನ ವಾದದ ತಿರುಳು. ದಾಖಲೆಗೆ ಬೇಕಾದ ಶಿಸ್ತನ್ನು ದಾಖಲೆಯಾಗದ ಮೀನಿಗೂ ತೋರಿಸಬೇಕು. ಗೆಲ್ಲದ ಮೀನನ್ನು ಬರೆದಿಟ್ಟು ಏನು ಮಾಡುವುದು ಎನ್ನುವವರಿಗೆ ಕಾವೇರಿ ದಂಡೆಯ ಗಾಲಿಬೋರೆ ಗಾಳಗಾರರ ಶಿಬಿರದ ಪುಸ್ತಕಗಳೇ ಉತ್ತರ. 1998ರಿಂದ 2012ರವರೆಗೆ ಅಲ್ಲಿ ಗಾಳ ಹಾಕಿದವರು ಸಿಕ್ಕ ಮೀನನ್ನು ಬರೆದಿಟ್ಟರು. ಹೊರಗಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರು ಏರುತ್ತ ಹೋದಂತೆ ಸ್ಥಳೀಯ ಡುಬ್ಬದ ಮೀನು ಕುಸಿದದ್ದನ್ನು ವಿಜ್ಞಾನಿಗಳು ಓದಿಕೊಂಡದ್ದು ಆ ಬರಹದಿಂದ. ಹಂತಹಂತದ ಆ ಕುಸಿತ ಒಂದು ದೈತ್ಯ ಮೀನಿನ ಫೋಟೊದಲ್ಲಿ ಕಾಣುತ್ತಿರಲಿಲ್ಲ.

ಸಿರ್ಗಾಪುರದ ನಲ್ಲವಾಗು ಜಲಾಶಯದಲ್ಲಾಗಲಿ, ಮಂಜೀರಾ ದಂಡೆಯಲ್ಲಾಗಲಿ ಕೊರಮೀನಿಗೆ ಗಾಳ ಹಾಕುವವರಿಗೆ ಹೀಗೆ ಬರೆದಿಡುವುದು ದೊಡ್ಡ ಖರ್ಚಲ್ಲ. ಮೀನನ್ನು ನೀರಿಗೆ ವಾಪಸ್ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಸಾರಿನ ಪಾತ್ರೆಗೆ ಹೋಗುವ ಮುಂಚೆ ಮೂತಿಯಿಂದ ಬಾಲದ ತುದಿವರೆಗೆ ಒಮ್ಮೆ ಟೇಪು ಹಿಡಿಯಿರಿ, ತಾರೀಖು ಹಾಕಿ ಬರೆದಿಡಿ.