ತಟ್ಟೆ, ಟೇಪು, ತಕರಾರು

ರಾಣೆಬೆನ್ನೂರಿನಲ್ಲಿ ರೈಲು ಹತ್ತಿ ಹುಬ್ಬಳ್ಳಿ ಕಡೆಗೆ ಹೊರಟರೆ ಬ್ಯಾಡಗಿ, ಹಾವೇರಿ, ಸವಣೂರು, ಯಲವಿಗಿ, ಗುಡಗೇರಿ, ಸಂಶಿ, ಕುಂದಗೋಳ ಒಂದರ ಹಿಂದೊಂದು ಬರುತ್ತವೆ. ಅವಸರ ಇದ್ದವರಿಗೆ ಇವು ಪ್ಯಾಸೆಂಜರ್ ಗಾಡಿ ವಿನಾಕಾರಣ ನಿಲ್ಲುವ ಜಾಗಗಳು. ಹಿಂದುಸ್ತಾನಿ ಸಂಗೀತದ ಹುಚ್ಚಿದ್ದವರು ಮಾತ್ರ ಕುಂದಗೋಳ ಬಂತೆಂದರೆ ಕಿಟಕಿಯ ಕಡೆ ಸರಿಯುತ್ತಾರೆ. ಸವಾಯಿ ಗಂಧರ್ವರು ಪಾಠ ಹೇಳಿದ್ದು ಇಲ್ಲಿ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಸಂಜೆ ಗಾಡಿಗೆ ಇಲ್ಲಿಗೇ ಬಂದು ಕಲಿತು ರಾತ್ರಿ ಮರಳುತ್ತಿದ್ದರು. ಗುರುವಿನ ಮನೆಗೆ ನೀರು ಹೊತ್ತುಕೊಂಡಿದ್ದ ಹುಡುಗ ಭೀಮಸೇನ ಅವರನ್ನು ನಿಲ್ದಾಣದ ತನಕ ಕಳಿಸಲು ಬರುತ್ತಿದ್ದ. ಬಸವರಾಜ ರಾಜಗುರು ಹುಟ್ಟಿದ ಯಲಿವಾಳವೂ ಇದೇ ತಾಲ್ಲೂಕಿನದು.

ನಮ್ಮ ಹಾವೇರಿ ಜಿಲ್ಲೆಯ ಪಾಲೂ ಸಣ್ಣದಲ್ಲ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು, ಪುಟ್ಟರಾಜ ಗವಾಯಿಗಳು 1914ರಲ್ಲಿ ದೇವಗಿರಿಯಲ್ಲಿ. ಕಣ್ಣಿಲ್ಲದ ಪಂಚಾಕ್ಷರಿಯನ್ನು ಕೈಹಿಡಿದು ಸಂಗೀತಕ್ಕೆ ಹಚ್ಚಿದ ಹಾನಗಲ್ಲ ಕುಮಾರಸ್ವಾಮಿಗಳು ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯವರು. ಗಂಗೂಬಾಯಿಯವರ ಹೆಸರಿನಲ್ಲೇ ಹಾನಗಲ್ ಇದೆ, ಅವರು ಹುಟ್ಟಿದ್ದು ಧಾರವಾಡದಲ್ಲಾದರೂ. ಇಷ್ಟೆಲ್ಲ ಇದ್ದೂ ಗವಾಯಿಗಳ ಆಶ್ರಮ ನೆಲೆನಿಂತದ್ದು ಗದುಗಿನಲ್ಲಿ, ಗಂಗೂಬಾಯಿ ಮನೆ ಮಾಡಿದ್ದು ಹುಬ್ಬಳ್ಳಿಯಲ್ಲಿ, ರೇಡಿಯೋ ಕೇಂದ್ರ ಬಂದದ್ದು ಧಾರವಾಡಕ್ಕೆ. ಹಾಡುವ ಕೆಲಸ ಅವರೆಲ್ಲ ಹಂಚಿಕೊಂಡರು. ನಮಗೆ ಉಳಿದದ್ದು ಕೇಳುವ ಕೆಲಸ, ಮತ್ತು ಕೇಳಿದ ಮೇಲೆ ಜಗಳಾಡುವ ಕೆಲಸ. ಎರಡನ್ನೂ ನಾವು ಚಲೋ ಮಾಡುತ್ತೇವೆ.

ಜಗಳಕ್ಕೆ ಒಳ್ಳೆಯ ಜಾಗವೆಂದರೆ ಬ್ಯಾಡಗಿಯ ಒಂದು ದಲಾಲಿ ಅಂಗಡಿ. ಸುಗ್ಗಿಯಲ್ಲಿ ಸೋಮವಾರ, ಗುರುವಾರ ಅಲ್ಲಿಗೆ ಕಾಲಿಡುವ ಹಾಗಿಲ್ಲ. ಪೇಟೆ ತುಂಬ ಕೆಂಪು ರಾಶಿ, ಗಾಳಿಯಲ್ಲಿ ಘಾಟು. ಮಿಕ್ಕ ದಿನ ಸಂಜೆ ಚೀಲಗಳ ಮೇಲೆ ಒರಗಿ ಕೂಡಬಹುದು. ಅಂಗಡಿಯ ಗೆಳೆಯ ಭೀಮಸೇನ ಜೋಶಿಯವರ ಪಕ್ಷ. ಅವರನ್ನು ಅವನು ಭೀಮಣ್ಣ ಎಂದೇ ಕರೆಯುವುದು, ಸೋದರಮಾವನ ಮಾತಾಡಿದ ಹಾಗೆ. ರಾಣೆಬೆನ್ನೂರಿನಿಂದ ಬರುವ ನಿವೃತ್ತ ಮೇಷ್ಟ್ರು ಮಲ್ಲಿಕಾರ್ಜುನ ಮನ್ಸೂರರ ಪಕ್ಷ. ಹಾವೇರಿಯಲ್ಲಿ ಬ್ಯಾಂಕಿನ ನೌಕರಿ ಮುಗಿಸಿರುವ ಅಕ್ಕ ಒಬ್ಬರು ಗಂಗೂಬಾಯಿಯವರನ್ನು ಬಿಟ್ಟು ಕೊಡುವವರಲ್ಲ. ಹೊಸ ಗಾಯಕರ ಹೆಸರು ಯಾರಾದರೂ ತೆಗೆದರೆ ಅಂಗಡಿಯವನ ತೀರ್ಪು ಸಿದ್ಧ: "ನಮ್ಮ ಕಾಯಿ ಇದ್ದಂಗ ಐತಿ ನೋಡ್ರಿ. ಬಣ್ಣ ಭಾಳ, ಖಾರ ಕಮ್ಮಿ." ಬ್ಯಾಡಗಿ ಮೆಣಸಿನಕಾಯಿ ಮಾರಿಯೇ ಬದುಕುವವನು ಅದನ್ನು ಬೈಗುಳಕ್ಕೆ ಬಳಸುವುದು ಎಷ್ಟು ಸರಿ ಎಂದು ಮೇಷ್ಟ್ರು ಕೇಳುತ್ತಾರೆ. ಅವನು ಚಹಾ ತರಿಸುತ್ತಾನೆ.

ಇವರ ವಾದ ಕೇಳಿ ಕೇಳಿ ನನಗೊಂದು ಗುಮಾನಿ ಹುಟ್ಟಿದೆ. ಇವರು ಹೋಲಿಸುತ್ತಿರುವುದು ಗಾಯಕರನ್ನಲ್ಲ, ತಟ್ಟೆ ಮತ್ತು ಟೇಪನ್ನು. ಹತ್ತಿಂಚಿನ ಹಳೆಯ ಗ್ರಾಮೋಫೋನ್ ತಟ್ಟೆಯ ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ನಂತರ ಬಂದ ಎಲ್‌ಪಿಯ ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು. ಕ್ಯಾಸೆಟ್ಟಿಗೆ ಬದಿಗೊಂದು ಅರ್ಧ ಗಂಟೆ, ದೊಡ್ಡದಾದರೆ ಮುಕ್ಕಾಲು. ರೇಡಿಯೋದವರು ಗಡಿಯಾರ ನೋಡಿ ಕೈ ಎತ್ತುತ್ತಿದ್ದರು. ಹೀಗೆ ಅಳೆದು ಕೊಟ್ಟ ಜಾಗದಲ್ಲಿ ಯಾರ ಗಾಯನ ಚೆನ್ನಾಗಿ ಹಿಡಿಸಿತೋ ಅವರು ನಮ್ಮ ಕಿವಿಯಲ್ಲಿ ದೊಡ್ಡವರಾದರು.

ಮನ್ಸೂರರನ್ನೇ ನೋಡಿ. ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಪದ್ಧತಿ ಕಲಿತು, ಆಮೇಲೆ ಮಂಜೀಖಾನ್, ಭೂರ್ಜೀಖಾನರಲ್ಲಿ ಜೈಪುರ ಅತ್ರೌಲಿ ಗಾಯಕಿಯನ್ನು ಒಲಿಸಿಕೊಂಡವರು. ಆ ಗಾಯಕಿಯಲ್ಲಿ ರಾಗ ಬಾಗಿಲಲ್ಲಿ ನಿಂತು ಕಾಯುವುದಿಲ್ಲ. ಬಂದಿಶಿನ ಮೊದಲ ಆವರ್ತನಕ್ಕೇ ಒಳಗೆ ಬಂದುಬಿಡುತ್ತದೆ, ಲಯದ ಮೇಲೆ ಸ್ವರಗಳು ಒಂದಕ್ಕೊಂದು ಹೆಣೆದುಕೊಂಡು ಸಮ್‌ಗೆ ಬಂದು ಬೀಳುತ್ತವೆ. ಏಕ ನಿಷಾದ ಬಿಹಾಗಡಾ, ಖಟ್, ಬಹಾದುರಿ ತೋಡಿಯಂಥ ಅಪರೂಪದ ರಾಗವನ್ನು ಅವರು ಹತ್ತು ಹನ್ನೆರಡು ನಿಮಿಷದಲ್ಲಿ ಹಾಡಿ ಕೈಬಿಟ್ಟರೂ ಏನೋ ಉಳಿದುಹೋಯಿತು ಅನ್ನಿಸುವುದಿಲ್ಲ. ಮೇಷ್ಟ್ರ ಬಳಿಯಿರುವ ಧಾರವಾಡ ಆಕಾಶವಾಣಿಯ ಮುದ್ರಣಗಳಲ್ಲಿ ಇದು ಎದ್ದು ಕಾಣುತ್ತದೆ. ರೇಡಿಯೋ ಕೊಟ್ಟ ಹೊತ್ತು ಅವರಿಗೆ ಸಾಕಾಗುತ್ತಿತ್ತು. ತಾನ್ ತೆಗೆದುಕೊಂಡು ಉಸಿರು ಮುಗಿಯುವ ಜಾಗ ದಾಟಿ ಇನ್ನೂ ಮುಂದಕ್ಕೆ ಹೋದಾಗ ಮೇಷ್ಟ್ರು ಕೈಯೆತ್ತಿ ನಮ್ಮೆಲ್ಲರನ್ನೂ ಸುಮ್ಮನಿರಿಸುತ್ತಾರೆ, ನಾವು ಮೊದಲೇ ಸುಮ್ಮನಿದ್ದರೂ.

ಭೀಮಸೇನರ ಅದೃಷ್ಟ ಬೇರೆ. ಅವರನ್ನು ಮನೆಬಿಡಿಸಿದ್ದೇ ಒಂದು ತಟ್ಟೆ. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿ ಕೇಳಿ, ಹಾಗೆ ಹಾಡುವುದನ್ನು ಕಲಿಯಬೇಕೆಂದು 1933ರಲ್ಲಿ ಹನ್ನೊಂದರ ಹುಡುಗ ಗದಗಿನಿಂದ ಓಡಿಹೋದದ್ದು ಎಲ್ಲರಿಗೂ ಗೊತ್ತಿದೆ. ಮೂರು ನಿಮಿಷದ ಹಾಡು ಒಬ್ಬ ಹುಡುಗನನ್ನು ಉತ್ತರ ಭಾರತವೆಲ್ಲ ಸುತ್ತಿಸಿ, ಕೊನೆಗೆ ಮನೆಯ ಹತ್ತಿರದ ಕುಂದಗೋಳಕ್ಕೇ ತಂದು ಕೂರಿಸಿತು. ಅವರು ಹದಕ್ಕೆ ಬಂದ ಹೊತ್ತಿಗೆ ಎಲ್‌ಪಿ ಬಂದಿತ್ತು. ಕಿರಾಣಾ ಘರಾಣೆಯ ನಿಧಾನದ ಬಢತ್ ಎಷ್ಟು ಬೇಕೋ ಅಷ್ಟು, ಮೇಲೆ ದ್ರುತ್ ಖಯಾಲಿನಲ್ಲಿ ಆ ಸಿಡಿಲಿನ ತಾನ್. ಇಪ್ಪತ್ತು ನಿಮಿಷದ ಬದಿಯನ್ನು ಹೇಗೆ ತುಂಬಬೇಕು ಎಂಬುದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ ಎಂದೇ ನನ್ನ ಎಣಿಕೆ. ಅಂಗಡಿಯವನಿಗೆ ಅವರ ಪೂರಿಯಾ ಧನಾಶ್ರೀ ಎಲ್‌ಪಿಯ ಅಳತೆಯಲ್ಲೇ ಇಷ್ಟ. ಪೂರ್ತಿ ಕಛೇರಿಯ ಧ್ವನಿಮುದ್ರಣ ಕೇಳಿಸಿದರೆ "ಎಳದಾರ್ರೀ ಸ್ವಲ್ಪ" ಅನ್ನುತ್ತಾನೆ! ಅವನ ಮನೆಗೆ ಭೀಮಣ್ಣ ಬಂದದ್ದು ದಾಸವಾಣಿಯ ಕ್ಯಾಸೆಟ್ಟಿನೊಡನೆ, ಪೂಜೆಯ ಕೋಣೆಯ ದಾರಿಯಿಂದ. ರಾಗ ಆಮೇಲೆ ಬಂತು. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೆಯೇ. ಭಜನೆ, ವಚನ ಮೊದಲು, ಖಯಾಲು ಹಿಂದಿನಿಂದ.

ಗಂಗೂಬಾಯಿಯವರ ವಿಷಯ ಬಂದಾಗ ಅಕ್ಕ ಫೋನು ತೆಗೆದು ಎರಡು ಹಾಡು ಕೇಳಿಸುತ್ತಾರೆ. ಒಂದು 1930ರ ದಶಕದ್ದು. ಆ ಕಾಲದ ತಟ್ಟೆಗಳ ಮೇಲೆ ಗಾಂಧಾರಿ ಹುಬ್ಬಳ್ಳಿ ಎಂಬ ಹೆಸರಿದೆ. ತೆಳು, ಏರು ಕಂಠ, ಆ ದಿನಗಳ ಗಾಯಕಿಯರ ಹಾಗೆ ಬಳುಕುವ ದನಿ. ಇನ್ನೊಂದು ಎಷ್ಟೋ ವರ್ಷದ ನಂತರದ ಮಾರವಾ. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ನಂತರ ಅವರ ದನಿ ತಗ್ಗಿ, ಗಡುಸಾಗಿ, ಗಂಡಸರ ಶ್ರುತಿಗೆ ಇಳಿಯಿತು. ಹೊಸಬರಿಗೆ ಇಬ್ಬರೂ ಒಬ್ಬರೇ ಎಂದು ನಂಬಿಸುವುದು ಕಷ್ಟ. ಬೇರೆಯವರಾಗಿದ್ದರೆ ಹಾಡು ಬಿಡುತ್ತಿದ್ದರು. ಇವರು ಆ ದನಿಯಲ್ಲೇ ಇನ್ನೊಮ್ಮೆ ಮೊದಲಿನಿಂದ ಕಟ್ಟಿಕೊಂಡರು, ಅದೂ ಮನೆ, ಮಕ್ಕಳು, ಸಾಲ, ಜನರ ಮಾತು ಎಲ್ಲದರ ನಡುವೆ. ಅಕ್ಕನಿಗೆ ಎರಡನೆಯದೇ ಪ್ರಾಣ. "ಮೊದಲನೇದು ಚಂದ ಐತಿ. ಎರಡನೇದು ಆಕಿದು," ಎನ್ನುತ್ತಾರೆ. ಇದಕ್ಕೆ ಎದುರುತ್ತರ ಯಾರಿಗೂ ಇದುವರೆಗೆ ಸಿಕ್ಕಿಲ್ಲ.

ಧ್ವನಿಮುದ್ರಣದಲ್ಲಿ ಎಲ್ಲರಿಗಿಂತ ಹೆಚ್ಚು ನಷ್ಟವಾದದ್ದೂ ಗಂಗೂಬಾಯಿಯವರಿಗೇ ಎಂದು ನನ್ನ ವಾದ. ಅವರು ಮಂದ್ರದಲ್ಲಿ ಒಂದು ಸ್ವರದ ಮೇಲೆ ಕೂತು, ಅದರ ಸುತ್ತ ತಿರುಗಿ, ಮುಂದಿನ ಸ್ವರಕ್ಕೆ ಹೆಜ್ಜೆಯಿಡಲು ತೆಗೆದುಕೊಳ್ಳುವ ಹೊತ್ತನ್ನು ಯಾವ ತಟ್ಟೆ ಕೊಟ್ಟೀತು? ಮಾರವಾದಲ್ಲಿ ಷಡ್ಜವನ್ನು ತಪ್ಪಿಸುತ್ತ ತಪ್ಪಿಸುತ್ತ ಹೋಗಿ, ಕೇಳುವವರು ಇನ್ನು ತಾಳಲಾರೆವು ಅನ್ನುವಾಗ ಅಲ್ಲಿಗೆ ತಲುಪಬೇಕು. ಎಂಟು ನಿಮಿಷದಲ್ಲಿ ತಲುಪಿದರೆ ತಲುಪಿದ ಹಾಗೇ ಅಲ್ಲ. ಗಂಗೂಬಾಯಿಯವರನ್ನು ಕಛೇರಿಯ ಟೇಪಿನಲ್ಲೇ ಕೇಳಬೇಕು. ಹಿಂದೆ ಯಾರೋ ಕೆಮ್ಮಲಿ, ಎಲೆ ಅಡಿಕೆ ಡಬ್ಬಿ ಸದ್ದು ಮಾಡಲಿ, ಅಡ್ಡಿಯಿಲ್ಲ.

ಕುಮಾರ ಗಂಧರ್ವರ ಹೆಸರು ಬಂದರೆ ಮೂರು ಪಕ್ಷಗಳೂ ಒಂದಾಗಿ ಬಿಡುತ್ತವೆ, ಅವರು ನಮ್ಮವರೋ ಮಾಳವದವರೋ ಎಂಬ ಹಳೆಯ ತಕರಾರಿಗೆ. ಸುಳೇಭಾವಿಯಲ್ಲಿ ಹುಟ್ಟಿ ದೇವಾಸದಲ್ಲಿ ನೆಲೆಸಿದರು, ಅಷ್ಟೇ. ಚಿಕ್ಕಂದಿನಲ್ಲಿ ದೊಡ್ಡ ದೊಡ್ಡ ಉಸ್ತಾದರ ತಟ್ಟೆ ಕೇಳಿ ಅವರಂತೆಯೇ ಹಾಡಿ ಜನರನ್ನು ಬೆರಗುಗೊಳಿಸಿದ ಹುಡುಗ, ದೊಡ್ಡವನಾದ ಮೇಲೆ ಯಾರಂತೆಯೂ ಹಾಡಲಿಲ್ಲ.

ನನ್ನ ಪಕ್ಷ ಬಸವರಾಜ ರಾಜಗುರು. ನಾನೊಬ್ಬನೇ ಇರುವ ಪಕ್ಷ, ಆದ್ದರಿಂದ ಒಡೆಯುವ ಭಯವಿಲ್ಲ. ಪಂಚಾಕ್ಷರಿ ಗವಾಯಿಗಳ ಶಿಷ್ಯರು. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೇ ವರ್ಷದ ಉತ್ಸವ ನಡೆದಾಗ ಅವರು ಮೊದಲ ಸಲ ದೊಡ್ಡ ಸಭೆಯಲ್ಲಿ ಹಾಡಿದರು, ತಬಲಾಕ್ಕೆ ಕೂತವರು ಸ್ವತಃ ಗುರುಗಳು. ಕಣ್ಣಿಲ್ಲದ ಗುರು ಶಿಷ್ಯನ ಪಕ್ಕ ಕೂತು ಠೇಕಾ ಹಿಡಿಯುವುದೆಂದರೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಪತ್ರ ಯಾವುದಿದೆ? ಆಮೇಲೆ ಸವಾಯಿ ಗಂಧರ್ವ, ಸುರೇಶಬಾಬು ಮಾನೆ ಮುಂತಾದ ಹಲವರ ಬಳಿ ಕಲಿತು ಬಂದರು. ಖಯಾಲು, ಠುಮರಿ, ಮರಾಠಿ ನಾಟ್ಯಗೀತೆ, ವಚನ, ದಾಸರ ಪದ, ಯಾವುದನ್ನು ಕೇಳಿದರೂ ಇತ್ತು ಅವರ ಜೋಳಿಗೆಯಲ್ಲಿ. ಒಂದು ಘರಾಣೆಯ ಚೌಕಟ್ಟಿಗೆ ಹೊಂದುವವರಲ್ಲವಾದ್ದರಿಂದ ಪಟ್ಟಿ ಮಾಡುವವರು ಅವರನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗಿಡುತ್ತಾರೆ. ಮೇಲಾಗಿ, ಅಂಗಡಿಯಲ್ಲಿ ಭೀಮಸೇನರ ಕ್ಯಾಸೆಟ್ಟು ಸಾಲುಗಟ್ಟಿ ನಿಂತ ಕಾಲದಲ್ಲಿ ರಾಜಗುರುಗಳದು ಹುಡುಕಿ ತೆಗೆಯಬೇಕಾಗಿತ್ತು. ಅವರನ್ನು ಕೇಳಿದವರು ಬಹಳ ಜನ ಎದುರಿಗೆ ಕೂತು ಕೇಳಿದವರು. ಮೂರೂ ಸಪ್ತಕಗಳಲ್ಲಿ ಸಲೀಸಾಗಿ ಓಡಾಡುವ ಆ ಹಗುರ, ಮೇಲಿನ ಷಡ್ಜದ ಮೇಲೆ ದನಿ ಒಡೆಯದೆ ನಿಲ್ಲುವ ಆ ನಿಲುವು, ಇವು ಇವತ್ತು ಉಳಿದಿರುವುದು ಆಕಾಶವಾಣಿಯ ಕಪಾಟಿನಲ್ಲಿ ಮತ್ತು ಯಾರೋ ಪುಣ್ಯಾತ್ಮರು ಸಭೆಯಲ್ಲಿ ಮುಂದೆ ಕೂತು ಹಿಡಿದ ಟೇಪುಗಳಲ್ಲಿ. ನಾಲ್ವರಿಗೂ ಸರಿಸಮನಾಗಿ ಎಲ್‌ಪಿ ಬಂದಿದ್ದರೆ ಬ್ಯಾಡಗಿಯ ಚೀಲಗಳ ಮೇಲೆ ನನ್ನ ಪಕ್ಷಕ್ಕೂ ನಾಲ್ಕು ಜನ ಸಿಗುತ್ತಿದ್ದರು.

1991ರ ಜುಲೈ 21ಕ್ಕೆ ರಾಜಗುರು ಹೋದರು. 1992ರ ಸಪ್ಟೆಂಬರಿನಲ್ಲಿ ಮನ್ಸೂರರು. 2009ರಲ್ಲಿ, ಅದೇ ಜುಲೈ 21ಕ್ಕೇ, ಗಂಗೂಬಾಯಿ. ಮರುವರ್ಷ ಪುಟ್ಟರಾಜ ಗವಾಯಿಗಳು, 2011ರ ಜನವರಿಯಲ್ಲಿ ಭೀಮಸೇನರು. ಈಗ ಎದುರಿಗೆ ಕೂತು ಕೇಳಲು ಪುಟ್ಟರಾಜರ ಶಿಷ್ಯ ವೆಂಕಟೇಶ ಕುಮಾರ್ ಇದ್ದಾರೆ. ಮೈಕು ಕೈಕೊಟ್ಟರೂ ಹಿಂದಿನ ಸಾಲಿಗೆ ಕೇಳಿಸುವ ಕಂಠ. ಅವರ ವಿಷಯದಲ್ಲಿ ನಮ್ಮಲ್ಲಿ ಜಗಳವಿಲ್ಲ, ಕಛೇರಿ ಎಲ್ಲಿದ್ದರೂ ಒಂದೇ ಕಾರಿನಲ್ಲಿ ಹೋಗುತ್ತೇವೆ. ದಾರಿಯಲ್ಲಿ ಮಾತ್ರ ಹಳೆಯ ಜಗಳ ಮುಂದುವರಿಯುತ್ತದೆ.

ಫೋನಿನಲ್ಲಿ ಈಗ ಎಲ್ಲ ಸಿಗುತ್ತದೆ ಎನ್ನುತ್ತಾರೆ. ಸಿಗುತ್ತದೆ, ನಿಜ. ಆದರೆ ಯಾವ ಊರು, ಯಾವ ವರ್ಷ, ತಬಲಾ ಯಾರು, ಹಾರ್ಮೋನಿಯಂ ಯಾರು ಎಂಬುದು ಬಹಳ ಕಡೆ ಇರುವುದಿಲ್ಲ. ರಾಗದ ಹೆಸರು ತಪ್ಪಿರುವುದೂ ಉಂಟು. ಐವತ್ತರ ವಯಸ್ಸಿನ ದನಿಯನ್ನು ಎಪ್ಪತ್ತರದರ ಜೊತೆ ಹೋಲಿಸಿ, ಯಾರು ಹೆಚ್ಚು ಎಂದು ತೀರ್ಮಾನ ಹೇಳಿಬಿಡುತ್ತೇವೆ. ನ್ಯಾಯವಾಗಿ ಜಗಳಾಡಲಿಕ್ಕೂ ತಾರೀಖು ಬೇಕು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಹಾವೇರಿ, ಹಾನಗಲ್ಲು, ರಾಣೆಬೆನ್ನೂರಿನ ಕಡೆ ಮಠದ ಜಾತ್ರೆ, ಪುಣ್ಯಸ್ಮರಣೆ, ಗಣಪತಿ ಹಬ್ಬಗಳಲ್ಲಿ ರಾತ್ರಿಯೆಲ್ಲ ನಡೆದ ಸಂಗೀತವನ್ನು ನಿಮ್ಮ ಮನೆಯ ಹಿರಿಯರು ಟೇಪ್ ಮಾಡಿದ್ದರೆ ಆ ಡಬ್ಬಿಗಳನ್ನು ಗುಜರಿಗೆ ಹಾಕಬೇಡಿ. ಮಳೆಗಾಲದ ತೇವಕ್ಕೆ ಟೇಪು ಬೂಷ್ಟು ಹಿಡಿಯುತ್ತದೆ, ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೂಷ್ಟು ಕಂಡರೆ ಸುಮ್ಮನೆ ಪ್ಲೇಯರಿಗೆ ಹಾಕಿ ನೋಡಬೇಡಿ, ತಿಳಿದವರಿಂದ ಸ್ವಚ್ಛ ಮಾಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮನೆಯ ಹಿರಿಯರನ್ನು ಕೇಳಿ ಊರು, ವರ್ಷ, ಸಾಥಿಗಳ ಹೆಸರು ಬರೆದಿಡಿ. ರಾಗ ಯಾವುದೆಂದು ಗೊತ್ತಾಗದಿದ್ದರೆ ಆ ಜಾಗ ಖಾಲಿ ಬಿಡಿ. ಅದನ್ನು ಜಗಳಾಡಿ ಗೊತ್ತುಮಾಡಲು ಬ್ಯಾಡಗಿಯಲ್ಲಿ ನಾವಿದ್ದೇವೆ.