ಮೊದಲ ಆಟಕ್ಕೇ ಮನೆಗೆ ಕಳಿಸಬಾರದು

ಹೋದ ವರ್ಷ ಗಣಪತಿ ಹಬ್ಬಕ್ಕೆ ಹರಪನಹಳ್ಳಿಗೆ ಬಂದಾಗ, ನಮ್ಮ ಓಣಿಯ ಹುಡುಗರು ಚೆಸ್ ಪಂದ್ಯ ನಡೆಸೋ ಜವಾಬ್ದಾರಿಯನ್ನ ನನ್ನ ತಲೆಗೆ ಕಟ್ಟಿದರು. "ಅಣ್ಣಾ, ನೀನು ಬೆಂಗ್ಳೂರಾಗೆ ಕಂಪ್ಯೂಟರ್ ಕೆಲಸ ಮಾಡ್ತೀಯ, ನಿನಗಿದೇನು ಕಷ್ಟ?" ಅನ್ನೋದು ಅವರ ವಾದ.

32 ಜನ ಹೆಸರು ಕೊಟ್ಟಿದ್ದರು. ತಲೆಗೆ 100 ರೂಪಾಯಿ ಪ್ರವೇಶ ಶುಲ್ಕ, ಅಂದರೆ 3200. ಪಟ್ಟಿ ಎತ್ತಿದ್ದರಲ್ಲಿ 1800 ಸೇರಿಸಿ ಒಟ್ಟು 5000 ಬಹುಮಾನ. ಮೊದಲನೆಯವರಿಗೆ 3000, ಎರಡನೆಯವರಿಗೆ 1500, ಮೂರನೆಯವರಿಗೆ 500. ಪಂದ್ಯ ನಾಕೌಟ್. ಚೀಟಿ ಎತ್ತೋದು, ಸೋತವರು ಹೊರಗೆ. 31 ಆಟಕ್ಕೆ ಎಲ್ಲ ಮುಗಿಯುತ್ತೆ, ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಬಹುದು ಅಂತ ನನ್ನ ಲೆಕ್ಕ.

ಚಿಗಟೇರಿ ಕಡೆಯಿಂದ ಒಬ್ಬ ಹುಡುಗಿ ಅಪ್ಪನ ಜೊತೆ ಬೆಳಗಿನ ಬಸ್ಸಿಗೆ ಬಂದಿದ್ದಳು. ಹನ್ನೊಂದು ವರ್ಷ ಇರಬಹುದು. ಚೀಟಿಯಲ್ಲಿ ಅವಳಿಗೆ ಸಿಕ್ಕಿದ್ದು ಹಿಂದಿನ ವರ್ಷ ಗೆದ್ದಿದ್ದ ಕಾಲೇಜು ಹುಡುಗ. ಹದಿನೈದೇ ನಿಮಿಷ, ಆಟ ಮುಗೀತು. ಅವರಪ್ಪ ನನ್ನ ಹತ್ತಿರ ಬಂದು, "ಇಷ್ಟೇ ಏನ್ರಿ ಸರ?" ಅಂದರು. ಸಿಟ್ಟಿರಲಿಲ್ಲ, ಸುಮ್ಮನೆ ಕೇಳಿದರು. "ಹೌದ್ರಿ, ನಾಕೌಟು" ಅಂದೆ. ಮುಂದಿನ ಬಸ್ಸಿನ ತನಕ ಅಪ್ಪ ಮಗಳು ಪೆಂಡಾಲಿನ ಮೂಲೆಯಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದರು. ಹುಡುಗಿ ಮಾತ್ರ ಬೇರೆಯವರ ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ.

ಬೆಂಗಳೂರಿಗೆ ವಾಪಸ್ ಹೋಗೋ ರಾತ್ರಿ ಬಸ್ಸಿನಲ್ಲಿ ಆ "ಇಷ್ಟೇ ಏನ್ರಿ" ತಲೆಯಲ್ಲಿ ಕೊರೆಯುತ್ತಿತ್ತು. 16 ಜನ ಒಂದೇ ಆಟ ಆಡಿ ಮನೆಗೆ ಹೋಗಿದ್ದರು. ಅವರು ಕಟ್ಟಿದ 1600 ರೂಪಾಯಿ ಗೆದ್ದ ಮೂವರ ಜೇಬು ಸೇರಿತ್ತು. ಇದು ಪಂದ್ಯವೋ, ಲಾಟರಿಯೋ?

ಹಂಗಂತ ಎಲ್ಲರೂ ಎಲ್ಲರ ಜೊತೆ ಆಡಲಿ ಅಂದರೆ 32 ಜನಕ್ಕೆ 496 ಆಟ ಬೇಕು. ಗಣಪತಿ ಬಿಟ್ಟು ದೀಪಾವಳಿ ಬಂದರೂ ಮುಗಿಯಲ್ಲ. ನಡುದಾರಿ ಒಂದಿದೆ, ಸ್ವಿಸ್ ಪದ್ಧತಿ. 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ್ದು. ಇದರಲ್ಲಿ ಸೋತವರು ಹೊರಗೆ ಹೋಗಲ್ಲ. ಪ್ರತಿ ಸುತ್ತಿನಲ್ಲೂ ಸಮ ಅಂಕ ಇರುವವರ ನಡುವೆ ಜೋಡಿ. ಸೋತವರಿಗೆ ಸೋತವರೇ ಎದುರಾಳಿ, ಗೆದ್ದವರಿಗೆ ಗೆದ್ದವರು. ಒಮ್ಮೆ ಆಡಿದವರ ಜೊತೆ ಮತ್ತೆ ಆಡಂಗಿಲ್ಲ. 32 ಜನಕ್ಕೆ ಐದು ಸುತ್ತು ಸಾಕು, ಮೊದಲನೇ ಸ್ಥಾನ ಗೊತ್ತಾಗುತ್ತೆ. ಎಲ್ಲರಿಗೂ ಐದೈದು ಆಟ ಸಿಗುತ್ತೆ.

ಈ ವರ್ಷ ಹಾಗೇ ಮಾಡಿದೆವು. ಒಬ್ಬೊಬ್ಬರಿಗೆ 20 ನಿಮಿಷದ ಗಡಿಯಾರ, ಬೆಳಿಗ್ಗೆ ಹತ್ತರಿಂದ ಸಂಜೆವರೆಗೆ. ಅದೇ 5000ವನ್ನ ಹರಡಿದೆವು: 1500, 1000, 700, 500, 400, 300. ಉಳಿದ 600ರಲ್ಲಿ 12 ವರ್ಷದೊಳಗಿನವರಿಗೆ ಒಂದು, ಮೊದಲ ಸಲ ಆಡುವವರಿಗೆ ಒಂದು. ಒಬ್ಬರಿಗೆ ಒಂದೇ ಬಹುಮಾನ, ಯಾವುದು ದೊಡ್ಡದೋ ಅದು. ಎಲ್ಲಾ ನಿಯಮವನ್ನೂ ಪಂದ್ಯ ಶುರುವಾಗೋಕೆ ಮೊದಲೇ ಸೀಮೆಸುಣ್ಣದಲ್ಲಿ ಕಪ್ಪು ಹಲಗೆ ಮೇಲೆ ಬರೆದೆ.

ನಮ್ಮವ್ವ ಅದನ್ನ ಓದಿ, "ನಮಗೇನೈತಪ್ಪಾ ಇದ್ರಾಗೆ?" ಅಂದಳು. ಹೆಂಗಸರಿಗೆ ಅಂತ ಚೌಕಾಬಾರ ಸೇರಿಸಿದೆವು. ಅಲ್ಲಿ ಕಷ್ಟ ಬೇರೆ. ನಾಲ್ಕೂ ಕವಡೆ ಒಂದೇ ಥರ ಬಿದ್ದರೆ ಇನ್ನೊಂದು ಸಲ ಹಾಕಬಹುದು. ಅದೃಷ್ಟ ಇದ್ದವರು ಒಂದೇ ಬಾರಿಗೆ ಎಲ್ಲೋ ಹೋಗಿ ಕೂರುತ್ತಾರೆ. ಒಂದೇ ಆಟದಲ್ಲಿ ಸೋಲು ಗೆಲುವು ತೀರ್ಮಾನ ಮಾಡಿದರೆ ಗೆಲ್ಲೋದು ಕವಡೆ, ಆಡೋರಲ್ಲ. ಅದಕ್ಕೇ ನಾಲ್ವರ ಗುಂಪು ಬದಲಿಸುತ್ತಾ ಮೂರು ಆಟ. ಮೊದಲು ಹಣ್ಣು ಮಾಡಿದವರಿಗೆ 3 ಅಂಕ, ಆಮೇಲೆ 2, 1, 0. ಮೂರರ ಮೊತ್ತ ನೋಡೋದು. ಅವ್ವ ಒಂದು ಆಟದಲ್ಲಿ ಕೊನೆ ಬಂದರೂ ಎರಡನೇ ಬಹುಮಾನ ತಗೊಂಡಳು. ಅದನ್ನ ಈಗಲೂ ದಿನಕ್ಕೆರಡು ಸಲ ಹೇಳ್ತಾಳೆ.

ಚಿಗಟೇರಿ ಕಡೆಯ ಆ ಹುಡುಗಿ ಈ ವರ್ಷವೂ ಬಂದಳು. ಮೊದಲ ಸುತ್ತಿಗೆ ನಾನು ಅನುಭವ ಇದ್ದ 16 ಜನರಿಗೆ ಹೊಸಬರು 16 ಜನರನ್ನ ಜೋಡಿ ಮಾಡಿದ್ದೆ. ಮತ್ತೆ ಅವಳಿಗೆ ಗಟ್ಟಿ ಆಟಗಾರನೇ ಸಿಕ್ಕ, ಮತ್ತೆ ಸೋತಳು. ಅವರಪ್ಪ ಅಭ್ಯಾಸಬಲದಿಂದ ಚೀಲ ಹೆಗಲಿಗೆ ಹಾಕಿದರು. "ಕೂಡ್ರಿ ಯಜಮಾನ್ರೆ, ಇನ್ನೂ ನಾಲ್ಕು ಆಟ ಐತಿ" ಅಂದೆ.

ಆ ನಾಲ್ಕನ್ನೂ ಅವಳು ಗೆದ್ದಳು!

4 ಅಂಕದಲ್ಲಿ ನಾಲ್ವರು ಸಮ. ಸ್ಥಾನ ತೀರ್ಮಾನಕ್ಕೆ ಬುಕೋಲ್ಟ್ಸ್ ಲೆಕ್ಕ ಬರೆದಿದ್ದೆ. ಅಂದರೆ ಒಬ್ಬೊಬ್ಬರ ಎದುರಾಳಿಗಳೂ ಗಳಿಸಿದ ಅಂಕ ಕೂಡಿಸೋದು, ಯಾರ ಮೊತ್ತ ದೊಡ್ಡದೋ ಅವರು ಮೇಲೆ. ಮೊದಲೇ ಸೋತವಳಾದ್ದರಿಂದ ಅವಳಿಗೆ ಸಿಕ್ಕ ಎದುರಾಳಿಗಳು ಕಮ್ಮಿ ಅಂಕದವರು. ಐದನೇ ಸ್ಥಾನಕ್ಕೆ ಇಳಿದಳು. ಕಮಿಟಿಯವರೊಬ್ಬರು ಕಿವಿಯಲ್ಲಿ, "ಪಾಪ ಹಳ್ಳಿ ಹುಡುಗಿ, ಎರಡನೇದು ಕೊಟ್ಟುಬಿಡು, ಯಾರು ಕೂಡಿಸಿ ನೋಡ್ತಾರೆ?" ಅಂದರು. ನನಗೂ ಆಸೆಯಾಯಿತು, ಸುಳ್ಳು ಹೇಳಲ್ಲ. ಆದರೆ ಉಳಿದ ಮೂವರೂ ಹಲಗೆ ಓದಿಯೇ ಆಡಲು ಕೂತಿದ್ದರು. ಆಮೇಲೆ ಅಳಿಸಿ ಬರೆದರೆ ಅದು ಅವಳ ಗೆಲುವಿಗೂ ಅವಮಾನ.

ಸದ್ಯ, ಹಲಗೆ ಮೇಲೆ ಇನ್ನೊಂದು ಸಾಲಿತ್ತು. ಚೆಕ್ ಗ್ರ್ಯಾಂಡ್‌ಮಾಸ್ಟರ್ ಹೋರ್ಟ್ ಹೆಸರಿನ ಪದ್ಧತಿ: ಸಮ ಬಂದವರ ಬಹುಮಾನದಲ್ಲಿ ಅರ್ಧ ಸಮವಾಗಿ ಹಂಚೋದು, ಅರ್ಧ ಸ್ಥಾನದ ಪ್ರಕಾರ. ಎರಡರಿಂದ ಐದರವರೆಗೆ ಒಟ್ಟು 2600. ಅದರ ಅರ್ಧ 1300, ತಲಾ 325. ಜೊತೆಗೆ ಐದನೇ ಸ್ಥಾನದ ಅರ್ಧ 200. ಅವಳ ಕೈಗೆ 525 ಬಂತು. 12 ವರ್ಷದೊಳಗಿನವರ ಬಹುಮಾನ ಇನ್ನೊಬ್ಬ ಪುಟ್ಟ ಹುಡುಗನಿಗೆ ಹೋಯಿತು.

ನ್ಯಾಯ ಪೂರ್ತಿ ಸಿಕ್ಕಿತಾ? ಇಲ್ಲ. ಮೊದಲ ಸುತ್ತಿನ ಜೋಡಿ ನನ್ನದೇ, ಅದರ ಏಟು ಅವಳ ಲೆಕ್ಕಕ್ಕೆ ಬಿತ್ತು. ಮುಂದಿನ ವರ್ಷ ಆರು ಸುತ್ತು ಇಡಬೇಕು. ಸಮ ಬಂದವರು ಪರಸ್ಪರ ಆಡಿದ್ದರೆ ಆ ಫಲಿತಾಂಶವನ್ನೇ ಮೊದಲು ನೋಡಬೇಕು. ಇದನ್ನೂ ಹಲಗೆ ಮೇಲೆ ಬರೆದೇ ಶುರು ಮಾಡಬೇಕು.

ಬಹುಮಾನ ತಗೊಂಡು ಹೊರಟಾಗ ಅವರಪ್ಪ ಮತ್ತೆ ನನ್ನ ಹತ್ತಿರ ಬಂದರು. ಈ ಸಲ ಕೇಳಿದ್ದು ಬೇರೆ: "ಮುಂದಿನ ವರ್ಷ ಇದೇ ದಿವ್ಸ ಏನ್ರಿ ಸರ? ಮೊದ್ಲೇ ಹೇಳ್ರಿ, ಆವತ್ತು ಹೊಲದ ಕೆಲ್ಸ ಇಟ್ಕಳಂಗಿಲ್ಲ."